ತ್ರುಟಿತ ಯಂತ್ರ-ಗದಾಯುದ್ಧ: ಒಂದು ಪಾಠ ಪರಿಷ್ಕರಣ

ಪೀಠಿಕೆ

ಕೈಗೆ ಸಿಕ್ಕಿದ ಕಾವ್ಯಕ್ಕಿಂತ ಸಿಗದ ಕಾವ್ಯಕ್ಕೆ ಮರ್ಯಾದೆ ಹೆಚ್ಚೆಂಬುದು ಕನ್ನಡ ಸಾಹಿತ್ಯ ಚರಿತ್ರೆಯ ಮೊದಲ ಪಾಠ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳಲ್ಲಿ ಉಳಿದಿರುವುದು ಬೇರೆಯವರು ಎತ್ತಿಟ್ಟ ಬಿಡಿ ಪದ್ಯಗಳಷ್ಟೇ. ಆದ್ದರಿಂದಲೇ ಅವು ಶ್ರೇಷ್ಠ ಕೃತಿಗಳೆಂಬ ವಿಷಯದಲ್ಲಿ ಯಾರದೂ ತಕರಾರಿಲ್ಲ. ಪೊನ್ನನ ‘ಶಾಂತಿಪುರಾಣ’ ಸಿಕ್ಕಿತು, ಪಾಪ, ವಿಮರ್ಶಕರ ಕೈಗೂ ಸಿಕ್ಕಿತು. ‘ಭುವನೈಕ ರಾಮಾಭ್ಯುದಯ’ ಸಿಗಲಿಲ್ಲ, ಬಚಾವಾಯಿತು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಉಳಿದಿಲ್ಲವಾದ್ದರಿಂದ ಅದರಲ್ಲಿ ಯಾರ ನಟನೆಯೂ ಸಪ್ಪೆಯಾಗಿಲ್ಲ.

ಈ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಬೇಕಾದ, ಆದರೆ ವಿದ್ವತ್ ವಲಯದ ಔದಾಸೀನ್ಯದಿಂದ ಇನ್ನೂ ಜಗುಲಿಯ ಮೇಲೆಯೇ ಕುಳಿತಿರುವ ಕೃತಿಯೊಂದುಂಟು. ಅದು ಅಮೆರಿಕದ ರೋಬಾಟ್ ಕಾಳಗ ‘ಬ್ಯಾಟಲ್‌ಬಾಟ್ಸ್’. ಕಾಮಿಡಿ ಸೆಂಟ್ರಲ್ ಎಂಬ ವಾಹಿನಿಯಲ್ಲಿ 2000ದಿಂದ 2002ರ ತನಕ ಐದು ಸರಣಿಗಳಾಗಿ ಪ್ರಸಾರವಾಯಿತು. ಯುದ್ಧವನ್ನು ಹಾಸ್ಯದ ಚಾನೆಲ್ಲಿನಲ್ಲಿ ತೋರಿಸಿದ್ದೇಕೆ ಎಂಬ ಪ್ರಶ್ನೆಗೆ ಮುಂದೆ ಬರೋಣ. ಪ್ರೌಢಪ್ರಬಂಧಗಳಲ್ಲಿ ‘ಮುಂದೆ ಬರೋಣ’ ಎಂದರೆ ಬರುವುದಿಲ್ಲ ಎಂದರ್ಥ.

1. ಉತ್ಪತ್ತಿ ವಿಚಾರ

ಮಹಾಯುದ್ಧಗಳ ಮೂಲವನ್ನು ಹುಡುಕುತ್ತ ಹೋದರೆ ಹೆಣ್ಣು, ಹೊನ್ನು, ಮಣ್ಣು ಸಿಗುತ್ತವೆಂದು ಹಿರಿಯರು ಹೇಳಿದ್ದಾರೆ. ಇಲ್ಲಿ ಸಿಗುವುದು ಕಸ. 1992ರಲ್ಲಿ ಮಾರ್ಕ್ ಥಾರ್ಪ್ ಎಂಬ ಆಟಿಕೆ ವಿನ್ಯಾಸಕಾರ ಕೂತಲ್ಲಿಂದಲೇ ಓಡಿಸಬಹುದಾದ ರಿಮೋಟ್ ವ್ಯಾಕ್ಯೂಮ್ ಕ್ಲೀನರ್ ಮಾಡಲು ಹೊರಟರು. ಅದು ಮನೆ ಗುಡಿಸುವ ಮಟ್ಟಕ್ಕೆ ಬರಲಿಲ್ಲ. ಆದರೆ ಯಂತ್ರಗಳನ್ನು ಪರಸ್ಪರ ಕಾದಾಡಲು ಬಿಟ್ಟರೆ ಹೇಗೆ ಎಂಬ ಆಲೋಚನೆ ಅಲ್ಲಿಂದ ಹುಟ್ಟಿತು. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೋರ್ಟ್ ಮೇಸನ್‌ನಲ್ಲಿ ಮೊದಲ ‘ರೋಬಾಟ್ ವಾರ್ಸ್’ ನಡೆದೇಬಿಟ್ಟಿತು. ಇದರಿಂದ ನಾವು ಮಂಡಿಸುವ ಪ್ರಥಮ ಪ್ರಮೇಯ: ಗುಡಿಸುವ ಕೆಲಸ ತಪ್ಪಿಸಿಕೊಂಡ ಗಂಡಸು ಕೊನೆಗೆ ಯುದ್ಧಕ್ಕೆ ಬಂದು ನಿಲ್ಲುತ್ತಾನೆ. ಯುದ್ಧ ಮುಗಿದ ಮೇಲೆ ನೆಲದ ತುಂಬ ಬೀಳುವ ತಗಡಿನ ಚೂರುಗಳನ್ನು ಗುಡಿಸಿದವರಾರು ಎಂಬುದು ಪ್ರತ್ಯೇಕ ಸಂಶೋಧನೆಗೆ ಅರ್ಹವಾದ ವಿಷಯ.

ಮುಂದೆ ಥಾರ್ಪ್‌ಗೂ ಹಣ ಹೂಡಿದ ಸಂಗೀತ ಕಂಪನಿಗೂ ವ್ಯಾಜ್ಯ ಹತ್ತಿ, ಅಮೆರಿಕದ ‘ರೋಬಾಟ್ ವಾರ್ಸ್’ ಕೋರ್ಟು ಮೆಟ್ಟಿಲಲ್ಲಿ ಅಡ್ಡಬಿದ್ದಿತು. ಹೆಸರು ಬ್ರಿಟನ್ನಿಗೆ ವಲಸೆ ಹೋಗಿ 1998ರಿಂದ ಬಿಬಿಸಿಯಲ್ಲಿ ನೆಲೆಸಿತು. ಊರಲ್ಲಿ ಉಳಿದವರು 1999ರಲ್ಲಿ ‘ಬ್ಯಾಟಲ್‌ಬಾಟ್ಸ್’ ಎಂಬ ಹೊಸ ಒಲೆ ಹೂಡಿದರು. ದಾಯಾದಿ ಕಲಹವಿಲ್ಲದೆ ಭಾರತ ಕಥೆ ಶುರುವಾಗುವುದಿಲ್ಲವಷ್ಟೆ.

2. ವಸ್ತು ಮತ್ತು ಧರ್ಮಸೂಕ್ಷ್ಮ

ವಸ್ತು ಸರಳ. 48 ಅಡಿ ಉದ್ದ, 48 ಅಡಿ ಅಗಲದ ಗಾಜಿನಂಥ ಪೆಟ್ಟಿಗೆ. ಒಳಗೆ ಎರಡು ಯಂತ್ರ. ನೆಲದ ಸೀಳಿನಿಂದ ತಲೆಯೆತ್ತುವ ಗರಗಸ, ಮೂಲೆಯಲ್ಲಿ ಕುಟ್ಟುವ ಸುತ್ತಿಗೆ. ಹೊರಗೆ ರಿಮೋಟ್ ಹಿಡಿದು ತುಟಿ ಕಚ್ಚಿ ನಿಂತ ಒಡೆಯರು. ಅವಧಿ ಮೂರು ನಿಮಿಷ. ಅಷ್ಟರಲ್ಲಿ ಯಾರೂ ಕೆಟ್ಟು ನಿಲ್ಲದಿದ್ದರೆ ಮೂವರು ತೀರ್ಪುಗಾರರು 45 ಅಂಕಗಳನ್ನು ಇಬ್ಬರಿಗೂ ಹಂಚುತ್ತಿದ್ದರು. 45 ಬೆಸಸಂಖ್ಯೆಯಾದ್ದರಿಂದ ಸಮಪಾಲು ಸಾಧ್ಯವಿರಲಿಲ್ಲ. ಹಸ್ತಿನಾಪುರದಲ್ಲಿ ಈ ಲೆಕ್ಕ ಬಲ್ಲವರಿದ್ದಿದ್ದರೆ ಹದಿನೆಂಟು ದಿನ ಉಳಿಯುತ್ತಿತ್ತು.

ಗದಾಯುದ್ಧದೊಡನೆ ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಭೀಮ ತೊಡೆಗೆ ಹೊಡೆದದ್ದು ಅಧರ್ಮವೆಂದು ಬಲರಾಮ ಸಿಡಿದೆದ್ದ. ಇಲ್ಲೂ ಅಂಥದೇ ಪ್ರಸಂಗವುಂಟು. ‘ಸಿಮ್‌ಸಿಟಿ’ ಎಂಬ ಕಂಪ್ಯೂಟರ್ ಆಟದ ಕರ್ತೃ ವಿಲ್ ರೈಟ್ ತಮ್ಮ ಮಗಳ ಜೊತೆ ಸೇರಿ ‘ಕಿಟ್ಟಿ ಪಫ್ ಪಫ್’ ಎಂಬ ಯಂತ್ರ ಕಟ್ಟಿದರು. ಅದು ಗರಗಸ ಬೀಸಲಿಲ್ಲ, ಕೊಡಲಿ ಎತ್ತಲಿಲ್ಲ. ಎದುರಾಳಿಯ ಮೈಗೆ ಬ್ಯಾಂಡೇಜು ಬಟ್ಟೆಯ ತುದಿ ಅಂಟಿಸಿ, ಅಶ್ವತ್ಥಕಟ್ಟೆಗೆ ನೂಲು ಸುತ್ತುವ ಮುತ್ತೈದೆಯಂತೆ ಸುತ್ತಲೂ ಪ್ರದಕ್ಷಿಣೆ ಹಾಕಿತು. ಚಕ್ರಕ್ಕೆ ಬಟ್ಟೆ ಸಿಕ್ಕಿ ವೈರಿ ನಿಂತಲ್ಲೇ ನಿಂತ. ಕೊನೆಗೆ ಈ ತಂತ್ರವನ್ನೇ ನಿಷೇಧಿಸಿದರು. ಕೊಯ್ಯಬಹುದು, ಜಜ್ಜಬಹುದು, ಆದರೆ ಬ್ಯಾಂಡೇಜು ಕಟ್ಟಕೂಡದು ಎಂದು ವಿಧಿಸಿದ ಧರ್ಮಶಾಸ್ತ್ರ ಜಗತ್ತಿನಲ್ಲಿ ಇದೊಂದೇ ಇರಬೇಕು.

3. ಬಾಣಲೆ ಪ್ರಕರಣ

ಪೂರ್ವಯುಗದ ವೀರರಲ್ಲಿ ‘ಬ್ಲೆಂಡೊ’ ಸ್ಮರಣೀಯ. ಮುಂದೆ ‘ಮಿತ್‌ಬಸ್ಟರ್ಸ್’ ಕಾರ್ಯಕ್ರಮದಿಂದ ಮನೆಮಾತಾದ ಜೇಮಿ ಹೈನಮನ್ ಮತ್ತು ಆಡಂ ಸ್ಯಾವೇಜ್ ಅದನ್ನು ಕಟ್ಟಿದವರು. ಬೋರಲು ಹಾಕಿದ ದೊಡ್ಡ ಬಾಣಲೆಯಂಥ ಚಿಪ್ಪು, ಅಂಚಿನಲ್ಲಿ ಅಲಗು. ಇಡೀ ದೇಹವೇ ಗಿರಗಿರ ತಿರುಗುತ್ತಿತ್ತು. 1995ರ ಕಣದಲ್ಲಿ ಇದು ಮುಟ್ಟಿದ್ದೆಲ್ಲ ಚೂರಾಗಿ, ಚೂರು ಪ್ರೇಕ್ಷಕರ ಕಡೆ ಹಾರತೊಡಗಿದಾಗ ಸಂಘಟಕರು ಒಂದು ಉಪಾಯ ಕಂಡುಕೊಂಡರು. ಸಹ-ಚಾಂಪಿಯನ್ ಪಟ್ಟ ಕೊಟ್ಟು ಮನೆಗೆ ಕಳಿಸಿದರು. ಹಬ್ಬಕ್ಕೆ ಬಂದು ಜಗಳ ತೆಗೆಯುವ ಭಾವನಿಗೆ ಬಾಗಿಲಲ್ಲೇ ಉಡುಗೊರೆ ಕೊಟ್ಟು ಬಸ್ಸು ಹತ್ತಿಸುವ ಕ್ರಮ ನಮ್ಮಲ್ಲೂ ಇದೆ. ಆ ಬಾಣಲೆ ಎಷ್ಟು ಹೊತ್ತು ಕಾದಿತೋ ಅಷ್ಟು ಹೊತ್ತಿಗಿಂತ ಹೆಚ್ಚು ಹೊತ್ತು ಅದರ ಬಗ್ಗೆ ಮಾತಾಡಿದ್ದಾರೆ. ಇದೇ ಮಹಾಕಾವ್ಯದ ಲಕ್ಷಣ.

4. ನಷ್ಟ ಮೀಮಾಂಸೆ

ನಷ್ಟವನ್ನು ಅದೃಶ್ಯ, ಛಿನ್ನ, ಆಚ್ಛಾದಿತ ಎಂದು ಮೂರಾಗಿ ವಿಂಗಡಿಸುತ್ತೇವೆ. ನಾಲ್ಕು ಮಾಡಬಹುದಿತ್ತು. ಮೂರರಲ್ಲಿ ಗಾಂಭೀರ್ಯ ಹೆಚ್ಚು.

ಅದೃಶ್ಯವೆಂದರೆ ಕಾದಾಡಿಯೂ ಪ್ರಸಾರವಾಗದ್ದು. ಕೊನೆಯ ಸರಣಿಗಳ ಚಿತ್ರೀಕರಣ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಟ್ರೆಷರ್ ಐಲೆಂಡ್ ಎಂಬ ಕೃತಕ ದ್ವೀಪದಲ್ಲಿ. ನಿಧಿದ್ವೀಪ! ಕಳೆದುಕೊಳ್ಳುವುದಕ್ಕೆ ಇದಕ್ಕಿಂತ ತಕ್ಕ ಹೆಸರಿನ ಜಾಗ ಸಿಕ್ಕೀತೆ? ನಾಲ್ಕು ತೂಕದ ವರ್ಗ, ಯಂತ್ರಗಳು ನೂರಾರು. ಕಾರ್ಯಕ್ರಮವೋ ಅರ್ಧ ಗಂಟೆಯದು, ಅದರಲ್ಲೂ ಜಾಹೀರಾತಿನ ಪಾಲು ಕಳೆಯಬೇಕು. ಹೀಗಾಗಿ ಎಷ್ಟೋ ಕಾಳಗಗಳು ಫಲಿತಾಂಶ ಪಟ್ಟಿಯ ಒಂದು ಗೆರೆಯಾಗಿ ಮಾತ್ರ ಉಳಿದವು. ಇಂಥದ್ದು ಇಂಥದ್ದನ್ನು ಸೋಲಿಸಿತು ಎಂಬಷ್ಟೇ. ಹೇಗೆ, ಯಾಕೆ, ಕಿಡಿ ಹಾರಿತೋ ಹೊಗೆ ಬಂತೋ, ಒಡೆಯ ಅತ್ತನೋ, ಯಾವುದೂ ಇಲ್ಲ.

ಛಿನ್ನವೆಂದರೆ ಸಂಕಲನಕಾರನ ಕತ್ತರಿಗೆ ಸಿಕ್ಕಿ ಅರ್ಧಂಬರ್ಧ ಬಂದದ್ದು. ಇಲ್ಲೊಂದು ಗಹನವಾದ ಸಂಗತಿಯಿದೆ. ಕತ್ತರಿ ಬಿದ್ದದ್ದು ಯಾವುದಕ್ಕೆ? ಚೈನು ಕಳಚಿಕೊಂಡು ನಿಂತದ್ದಕ್ಕೆ, ವೈರು ಸಡಿಲವಾಗಿ ಒಂದೇ ಕಡೆ ಗಿರಕಿ ಹೊಡೆದದ್ದಕ್ಕೆ, ರೇಡಿಯೊ ಕೈಕೊಟ್ಟು ಗೋಡೆಗೆ ಮುಖ ಮಾಡಿ ಧ್ಯಾನಕ್ಕೆ ಕುಳಿತದ್ದಕ್ಕೆ. ಯಂತ್ರ ಕಟ್ಟಿ ನೋಡಿದವರನ್ನು ಕೇಳಿ, ರೋಬಾಟಿನ ಮೊದಲ ಶತ್ರು ಎದುರಾಳಿಯಲ್ಲ, ತನ್ನದೇ ಬೆಸುಗೆ. ಟಿವಿಯಲ್ಲಿ ಉಳಿದದ್ದು ಕಿಡಿ. ಕಳೆದುಹೋದದ್ದು ತುಕ್ಕು, ಸಡಿಲ ನಟ್ಟು, ರಾತ್ರಿಯಿಡೀ ನಿದ್ದೆಗೆಟ್ಟು ಕಟ್ಟಿದ ಯಂತ್ರ ಹತ್ತು ಸೆಕೆಂಡಿಗೆ ಕಣ್ಣುಮುಚ್ಚಿದಾಗಿನ ಮೌನ. ಸೋತ ಅರಸ ಶಾಸನ ಹಾಕಿಸುವುದಿಲ್ಲ. ನಮ್ಮ ಆತಕೂರಿನ ಶಾಸನ ಇದಕ್ಕೆ ಗೌರವಾನ್ವಿತ ಅಪವಾದ. ಹತ್ತನೆಯ ಶತಮಾನದಲ್ಲಿ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಾಡಿ ಎರಡೂ ಸತ್ತವು. ನಾಯಿಗೆ ಅದರ ಒಡೆಯ ಮಣಲೆರ ಕಲ್ಲು ನಿಲ್ಲಿಸಿದ, ಹೆಸರು ಉಳಿಯಿತು. ಟಿವಿಯವರಲ್ಲಿ ಒಬ್ಬ ಮಣಲೆರ ಇದ್ದಿದ್ದರೆ!

ಇದು ಅಮೆರಿಕದ ಒಂದು ಚಾನೆಲ್ಲಿನ ದೋಷವೆಂದು ತಿಳಿಯಬಾರದು. ಬಿಬಿಸಿಯವರು ‘ಡಾಕ್ಟರ್ ಹೂ’ ಸರಣಿಯ ಹಳೆಯ ಕಂತುಗಳನ್ನು ಅಳಿಸಿದರು. ಅಪೋಲೊ 11ರಿಂದ ಬಂದ ಮೂಲ ಟೇಪುಗಳನ್ನೂ ಅಳಿಸಿ ಮತ್ತೆ ಬಳಸಿರಬೇಕೆಂದು ಸ್ವತಃ ನಾಸಾ 2009ರಲ್ಲಿ ಹೇಳಿತು. ಚಂದ್ರನ ಮೇಲೆ ಕಾಲಿಟ್ಟದ್ದಕ್ಕೇ ಈ ಗತಿಯಾದರೆ ಬ್ಯಾಂಡೇಜು ಸುತ್ತಿದ್ದಕ್ಕೆ ಯಾರು ದಿಕ್ಕು?

ಆಚ್ಛಾದಿತವೆಂದರೆ ಒಂದರ ಮೇಲೊಂದು ಬರೆದದ್ದು. ಅದರ ಏಕೈಕ ಉದಾಹರಣೆ ಈ ಲೇಖಕನ ಮನೆಯ ಅಟ್ಟದಲ್ಲಿ ದೊರೆತಿದೆ.

5. ಪ್ರತಿ ವಿವರಣೆ

ಪ್ರತಿಯ ಹೆಸರು ‘ಅ’. ‘ಆ’ ಪ್ರತಿ ಇಲ್ಲ, ಆದರೂ ‘ಅ’ ಎಂದರೆ ವಿದ್ವತ್ತಿನ ಕಳೆ. ಟಿ-120 ವಿಎಚ್‌ಎಸ್ ಕ್ಯಾಸೆಟ್. ಕ್ಯಾಲಿಫೋರ್ನಿಯಾದಲ್ಲಿದ್ದ ದೊಡ್ಡಪ್ಪನ ಮಗ ‘ಇದನ್ನ ನೋಡ್ಲೇಬೇಕು’ ಎಂದು ಬರೆದು ಮೈಸೂರಿಗೆ ಕಳಿಸಿದ್ದು. ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದೇ ಕಳಿಸಿದ್ದ. ಅದು ಮುರಿದಿದ್ದರೆ ಮೇಲೆ ಬೇರೇನೂ ರೆಕಾರ್ಡ್ ಆಗದು. ಆದರೆ ಆ ಕಿಂಡಿಯ ಮೇಲೆ ಯಾರೋ ಸೆಲ್ಲೊಟೇಪ್ ಅಂಟಿಸಿದ್ದಾರೆ. ಟೇಪಿನ ಅಂಟು ಹಳದಿಗಟ್ಟಿದೆ, ಒಳಗೆ ಹೆಬ್ಬೆರಳಿನ ಗುರುತು ಸ್ಪಷ್ಟ, ಪಕ್ಕದಲ್ಲಿ ಅರಿಶಿನದ ಕಲೆ. ಪ್ರಕ್ಷೇಪಕಾರನನ್ನು ಇಷ್ಟು ಖಚಿತವಾಗಿ ಹಿಡಿದುಕೊಟ್ಟ ಹಸ್ತಪ್ರತಿ ಇನ್ನೊಂದಿಲ್ಲ.

ಲಿಪಿಯೂ ತೊಡಕಿನದು. ಟೇಪು ಅಮೆರಿಕದ ಎನ್‌ಟಿಎಸ್‌ಸಿ, ನಮ್ಮ ವಿಸಿಆರ್ ಪಾಲ್. ಅಲ್ಲಿನದು ಸೆಕೆಂಡಿಗೆ 33 ಮಿಲಿಮೀಟರ್ ಓಡಬೇಕು, ನಮ್ಮದು ಓಡಿಸುವುದು 23. ಪರಿಣಾಮವಾಗಿ ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇರುತ್ತದೆ, ಬಣ್ಣವಿಲ್ಲ, ವಿವರಣೆಕಾರ ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತದೆ. ಆದರೂ ಪಠ್ಯ ಗ್ರಾಹ್ಯ. ಚಪ್ಪಟೆಯ ಯಂತ್ರವೊಂದು ಎತ್ತರದ ಯಂತ್ರದ ಅಡಿಗೆ ನುಗ್ಗುತ್ತದೆ. ಎತ್ತರದ್ದು ಕೊಡಲಿ ಎತ್ತುತ್ತದೆ. ಹೊಗೆ. ಎರಡೂ ನಿಲ್ಲುತ್ತವೆ. ತೀರ್ಪು. ಕರಿಪಟ್ಟಿ ಹೊತ್ತ ನಿರೂಪಕ ಕೈ ಎತ್ತಿ, ವಿಜೇತರ ಹೆಸರು...

ಇಲ್ಲಿ ಗ್ರಂಥಪಾತ.

ಮುಂದಿನ 40 ನಿಮಿಷ, ಬಣ್ಣಬಣ್ಣವಾಗಿ, ಒಂದು ಗೆರೆಯೂ ಅಲುಗದೆ, ನಾಮಕರಣ ಸಮಾರಂಭ. ಕ್ಯಾಸೆಟ್ ಮುಗಿಯುವ ಹೊತ್ತಿಗೆ ಮತ್ತೆ ಕಪ್ಪು-ಬಿಳುಪು ಉರುಳಾಟ. ಯಾರೋ ಟ್ರೋಫಿ ಎತ್ತಿ ಕುಣಿಯುತ್ತಾರೆ. ಗೆದ್ದವರಿರಬಹುದು, ಮುಂದಿನ ಪಂದ್ಯದವರೂ ಇರಬಹುದು.

6. ಪೂರ್ವಪಕ್ಷ

ಮೂರು ತಿಂಗಳು ಈ ಪಠ್ಯದ ಮುಂದೆ ಕುಳಿತೆವು. ಹೆಸರು ಉಚ್ಚರಿಸಲು ನಿರೂಪಕ ತುಟಿ ತೆರೆದ ಆಕಾರವನ್ನು ಕಾಗದದಲ್ಲಿ ಬರೆದುಕೊಂಡು ಓಷ್ಠ್ಯವೋ ದಂತ್ಯವೋ ಎಂದು ತರ್ಕಿಸಿದೆವು. ಪ್ರಕ್ಷಿಪ್ತ ಭಾಗವನ್ನು ಕಿತ್ತೊಗೆದು ಮೂಲ ಪಾಠವನ್ನು ಡಿಜಿಟಲ್ ರೂಪದಲ್ಲಿ ಉದ್ಧಾರ ಮಾಡಬೇಕೆಂದು ನಿಶ್ಚಯಿಸಿ, ಆ ವಿಷಯವನ್ನು ಅಡಿಗೆಮನೆಯ ಕಡೆ ಘೋಷಿಸಿದೆವು.

ಮನೆಯಾಕೆ ಪೊರಕೆ ಹಿಡಿದೇ ಬಂದಳು. ಬಂದು, ನಾವು ಮೂರು ತಿಂಗಳಿಂದ ಫಾಸ್ಟ್ ಫಾರ್ವರ್ಡ್ ಮಾಡುತ್ತಿದ್ದ ಕಡೆ ಗುಂಡಿ ಬಿಡಿಸಿ ನಿಲ್ಲಿಸಿದಳು. ತೊಟ್ಟಿಲು. ಅದರ ಮೇಲೆ ಬಾಗಿದ ಅಜ್ಜಿ. ಅಕ್ಕಿಯ ತಟ್ಟೆ ಪಕ್ಕಕ್ಕೆ ಸರಿಸಿ, ಸೆರಗನ್ನು ಭುಜಕ್ಕೆ ಎಳೆದು, ಮಗುವಿನ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳುತ್ತಾಳೆ. ಮೂರು ಸಲ. ಕ್ಯಾಮೆರಾದ ಮೈಕಿಗೆ ಕೇಳಿಸಿಲ್ಲ. ಹಿಂದಿನಿಂದ ನಮ್ಮ ತಂದೆಯವರ ಧ್ವನಿ: ‘ಜೋರಾಗಿ ಹೇಳಮ್ಮ, ರೆಕಾರ್ಡ್ ಆಗ್ತಿದೆ.’ ಅಜ್ಜಿ ತಲೆಯೆತ್ತಿ ನೇರ ನೋಡಿ, ‘ನಿನಗ್ಯಾಕೋ ಹೇಳಲಿ’ ಎಂದು ನಗುತ್ತಾಳೆ.

ಅಜ್ಜಿ ಓಡಾಡಿ ನಕ್ಕದ್ದು ಮನೆಯಲ್ಲಿ ಇದೊಂದು ಕಡೆ ಮಾತ್ರ ಇದೆ. ತಂದೆಯವರ ಧ್ವನಿಯೂ ಅಷ್ಟೆ.

‘ಈಗ ಹೇಳಿ, ಯಾವುದು ಪ್ರಕ್ಷಿಪ್ತ?’ ಎಂದಳು ಪೂರ್ವಪಕ್ಷಿ.

7. ಸಿದ್ಧಾಂತ

ಉತ್ತರ ಕೊಡದಿರುವುದೂ ಒಂದು ವಿದ್ವತ್ ಸಂಪ್ರದಾಯ. ಆದರೂ ದಾಖಲಿಸಲೇಬೇಕಾದದ್ದು ಇಷ್ಟು. ವಿಜೇತನ ಹೆಸರು ಇರಬೇಕಾದ ಜಾಗದಲ್ಲಿ ಪ್ರತಿ ‘ಅ’ ಒಂದು ಹೆಸರನ್ನು ಕೊಟ್ಟೇ ಇದೆ. ಮೂರು ಸಲ ಕೊಟ್ಟಿದೆ. ಅದು ಕೇಳಿಸುವುದಿಲ್ಲ ಅಷ್ಟೆ. ಆ ಹೆಸರಿನವಳು ಸಂಜೆ ಕೆಲಸದಿಂದ ಬಂದು ‘ಟಿವಿ ಮುಂದೆ ಇನ್ನೂ ಕೂತಿದ್ದೀಯಾ ಅಪ್ಪ?’ ಎಂದು ಕೇಳುತ್ತಾಳೆ.

ಮನೆಯಾಕೆ ಕ್ಯಾಸೆಟ್ ಹೊರತೆಗೆದು ಬೆನ್ನಿನ ಹಳದಿ ಸೆಲ್ಲೊಟೇಪನ್ನು ಉಗುರಿನಿಂದ ಎಬ್ಬಿಸಿ ಕಿತ್ತಳು. ಕಿಂಡಿ ಮತ್ತೆ ತೆರೆಯಿತು. ಇನ್ನು ಅದರ ಮೇಲೆ ಯಾರೂ ಏನೂ ಬರೆಯುವಂತಿಲ್ಲ. ಗ್ರಂಥಸಂಪಾದನಾ ಶಾಸ್ತ್ರದಲ್ಲಿ ಇದಕ್ಕೆ ಅಂತಿಮ ಪರಿಷ್ಕರಣ ಎನ್ನುತ್ತಾರೆ. ಅದು ಮುಗಿದ ಮೇಲೆ ಪೊರಕೆಯನ್ನು ಸಂಪಾದಕನ ಕೈಗೆ ಹಸ್ತಾಂತರಿಸುವ ಪದ್ಧತಿಯೂ ಇದೆಯೆಂದು ಅಂದೇ ತಿಳಿಯಿತು.