ಕುದುರಿ ಮಾತಾಡಿದ್ದಿಲ್ಲರಿ ಸರ

ಅಸೂಟಿಯಂಥ ಊರಲ್ಲಿ ಸಾಲಿ ಮಾಸ್ತರಕಿಯಿಂದ ನಿವೃತ್ತನಾದವನಿಗೆ ಉಳಿಯುವುದು ಪಿಂಚಣಿ, ಕಟ್ಟಿಯ ಮೇಲೊಂದು ಜಾಗ ಮತ್ತು ಬಿಪಿ. ಪಿಂಚಣಿಯ ಲೆಕ್ಕ ಮನೆಯಾಕೆ ಇಡುತ್ತಾಳೆ, ಕಟ್ಟಿಯ ಜಾಗವನ್ನು ಓಣಿಯ ನಾಯಿ ಕಾಯುತ್ತದೆ. ಬಿಪಿಯನ್ನಾದರೂ ಅಪ್ಪನೇ ನೋಡಿಕೊಳ್ಳಲಿ ಎಂದು ಬೆಂಗಳೂರಿನ ಮಗ ಡಿಜಿಟಲ್ ಮಷೀನು ಕಳಿಸಿದ.

ಡಬ್ಬಿಯೊಳಗೆ ಹೇಗೆ ಕೂಡಬೇಕು, ಏನು ಮಾಡಬಾರದು ಎಂದು ಚಿತ್ರ ಸಮೇತ ವಿವರಿಸಿದ ಹಾಳೆ ಇತ್ತು. ನೌಕರಿಯುದ್ದಕ್ಕೂ 'ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ' ಎಂದು ಮಕ್ಕಳಿಗೆ ಬಡಿದುಕೊಂಡ ನಾನು ಅದನ್ನು ಮಡಚಿ, ಅಲುಗಾಡುವ ಕುರ್ಚಿಯ ಕಾಲಿಗೆ ಕೊಟ್ಟೆ.

ಸಂಜಿಮುಂದೆ ಕಟ್ಟಿಯ ಮೇಲೆ ಕಾಲು ಇಳಿಬಿಟ್ಟು, ಚಹಾ ಕುಡಿಯುತ್ತ, ಅಂಗಿ ತೋಳಿನ ಮೇಲೇ ಪಟ್ಟಿ ಸುತ್ತಿದೆ. ಬಾಜೂ ಮನೆಯವನ ಜೊತೆ ಕಡಲೆ ರೇಟಿನ ವಾದ ಜೋರಾಗಿ ನಡೆದಿತ್ತು. ಮಷೀನು ಗುಂಯ್ ಎಂದು ತೋಳು ಹಿಂಡಿ 178/98 ತೋರಿಸಿತು.

"ಮಾಸ್ತರ, ನಿಮ್ಮ ಸಾಲ್ಯಾಗ ಇಷ್ಟು ಮಾರ್ಕ್ಸ್ ಯಾರೂ ತಗದಿದ್ದಿಲ್ಲ ಬಿಡ್ರಿ!" ಎಂದ ಅವನು.

140/90 ದಾಟಿದರೆ ಹೆಚ್ಚು ಎಂಬಷ್ಟು ಗೊತ್ತಿತ್ತು. ಮತ್ತೆ ಒತ್ತಿದೆ, 184. ಇನ್ನೊಮ್ಮೆ, 190. ಬಿಪಿ ನೋಡಿ ಗಾಬರಿ, ಗಾಬರಿ ನೋಡಿ ಬಿಪಿ. ಹಿಂದಿನ ದಿನ ಗುಳಿಗಿ ಮರೆತದ್ದು ಆಗ ನೆನಪಾಯಿತು. ಬಾಕಿ ಉಳಿಸಿಕೊಂಡು ನನಗೆ ರೂಢಿಯಿಲ್ಲ. ಎರಡನ್ನೂ ಒಟ್ಟಿಗೇ ನುಂಗಿದೆ. ನಸುಕಿನಲ್ಲಿ ಹಾಸಿಗೆಯಿಂದ ದಡಕ್ಕನೆ ಎದ್ದರೆ ಕಣ್ಣಿಗೆ ಕತ್ತಲೆ ಕವಿದು, ಜೋಳದ ಚೀಲದ ಮೇಲೆ ಬೋರಲು ಬಿದ್ದೆ. ಎಲುಬು ಉಳಿದವು. ಮರ್ಯಾದೆಯ ವಿಷಯ ಮನೆಯಾಕೆಯನ್ನು ಕೇಳಿ.

ಆಶಾ ಕಾರ್ಯಕರ್ತೆ ಸಿಸ್ಟರನ್ನು ಕರೆತಂದಳು. ನೋಡಿದರೆ ನನ್ನ ಕೈಯಲ್ಲೇ ಕಲಿತ ಹುಡುಗಿ!

"ಸರ, ಮೊದಲ ಒಂದಕ್ಕ ಹೋಗಿ ಬರ್ರಿ."

ಕಿರುಬೆರಳು ಎತ್ತಿ ನನ್ನ ಅಪ್ಪಣೆ ಕೇಳುತ್ತಿದ್ದವಳು ಈಗ ನನ್ನನ್ನೇ ಕಳಿಸುತ್ತಿದ್ದಾಳೆ. ಮೂತ್ರ ಕಟ್ಟಿಕೊಂಡರೂ ಬಿಪಿ ಏರುತ್ತದಂತೆ. ಬಂದ ಮೇಲೆ ಕುರ್ಚಿಗೆ ಬೆನ್ನು ಆನಿಸಿ ಕೂಡಿಸಿದಳು. ಪಾದ ನೆಲಕ್ಕೆ ಊರಿ, ತೋಳು ಬರಿದು ಮಾಡಿ, ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿದಳು. ಚಹಾ ಕುಡಿದು ಅರ್ಧ ತಾಸು ಆಗಿದೆಯೇ ಎಂದೂ ವಿಚಾರಿಸಿದಳು.

"ಇನ್ನ ಐದು ಮಿನಿಟ್ ಮಾತಾಡದ ಕುಂದರ್ರಿ."

ಉಪ್ಪು ಬಿಡು ಎಂದರೆ ಬಿಟ್ಟೇನು, ಮಾತು ಬಿಡುವುದು ಹೇಗೆ? ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಹೆಣ್ಣುಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಸೇರಿಸಿದಾಗ ರಕ್ತ 8 ಅಡಿಗಿಂತ ಮೇಲೇರಿದ್ದನ್ನು, ಅದನ್ನು ಆತ 1733ರಲ್ಲಿ ಅಚ್ಚು ಹಾಕಿಸಿದ್ದನ್ನು ಹೇಳತೊಡಗಿದೆ. ತೋಳಿಗೆ ಪಟ್ಟಿ ಕಟ್ಟುವ ಉಪಾಯ 1896ರಲ್ಲಿ ಇಟಲಿಯ ರಿವಾ-ರೊಚ್ಚಿಯದು ಎನ್ನುವಷ್ಟರಲ್ಲಿ ಆಕೆ ಕೈ ಎತ್ತಿದಳು.

"ಸರ, ಆ ಕುದುರಿ ಮಾತಾಡಿದ್ದಿಲ್ಲರಿ."

ಒಳಗಿನಿಂದ ಮನೆಯಾಕೆ ಕಿಸಕ್ಕೆಂದಳು. ಬಾಯಿ ಮುಚ್ಚಿದೆ. ಮಷೀನು ಅದೇ, ತೋಳೂ ಅದೇ, ಬಂದದ್ದು 144/84. ಒಂದು ನಿಮಿಷ ಬಿಟ್ಟು ಮತ್ತೆ ನೋಡಿದರೆ 142. ಆಮೇಲೆ ಎಬ್ಬಿಸಿ ನಿಲ್ಲಿಸಿ ನೋಡಿದಳು, 116! ವಯಸ್ಸಾದವರಲ್ಲಿ ನಿಂತಾಗ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ತಲೆ ತಿರುಗಿ ಬೀಳುವ ಭಯವಂತೆ. ಚೀಲದ ಮೇಲೆ ಬಿದ್ದ ಕಾರಣ ಸಿಕ್ಕಿತು. ಆಕೆ ಅಲ್ಲೇ ಡಾಕ್ಟರಿಗೆ ಫೋನು ಹಚ್ಚಿ, ಗುಳಿಗಿಯ ವಿಷಯ ವರದಿ ಮಾಡಿ, ನನ್ನ ಎದುರೇ ಬೈಸಿದಳು.

ಬಿಪಿ ಇರುವ ನನ್ನ ಓರಿಗೆಯವರೇ, ಏಳುವ ಮುಂಚೆ ಹಾಸಿಗೆಯ ಅಂಚಿಗೆ ಸ್ವಲ್ಪ ಹೊತ್ತು ಕೂತು ಏಳಿ. ಮುಂಜಾನೆ-ಸಂಜೆಯ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಮರೆತ ಗುಳಿಗಿಯ ಬಾಕಿ ತೀರಿಸಲು ಮಾತ್ರ ಹೋಗಬೇಡಿ. ಎಲ್ಲರ ಮನೆಯಲ್ಲೂ ಬೀಳುವ ಕಡೆಗೇ ಜೋಳದ ಚೀಲ ಇಟ್ಟಿರುವುದಿಲ್ಲ.