ದೋಣಿಯ ಮೇಲಣ ಅಶ್ಮಾರೋಹಣ

ಸೋದರಸೊಸೆಯ ವಿವಾಹವನ್ನು ಉಡುಪಿಗೆ ಸಮೀಪದ ಕೆಮ್ಮಣ್ಣಿನಲ್ಲಿ, ಸ್ವರ್ಣಾ ನದಿಯ ಮೇಲೆ, ದಿನದ ಬಾಡಿಗೆಗೆ ಹಿಡಿದ ಹೌಸ್‌ಬೋಟಿನಲ್ಲಿ ನೆರವೇರಿಸಬೇಕೆಂಬ ಸಂಕಲ್ಪವು ನನ್ನಲ್ಲಿ ಉದಿಸಿದುದಕ್ಕೆ ಕಾರಣವನ್ನು ಮನೆಯವರು ಇಂದಿಗೂ ನನ್ನ ಜಾತಕದಲ್ಲಿ ಹುಡುಕುತ್ತಿರುವರು. ವಧೂವರರು ನಿರ್ದೋಷಿಗಳು, ಅವರು ಕೇಳಿದುದು ಆಡಂಬರವಿಲ್ಲದ ಮದುವೆಯನ್ನು ಮಾತ್ರ. ಆ ನಿರಾಡಂಬರವನ್ನು ಊರೆಲ್ಲ ಮಾತನಾಡಿಕೊಳ್ಳುವಂತೆ ನಡೆಯಿಸಿ ತೋರಿಸಬೇಕೆಂಬ ಹಂಬಲವು ಸೋದರಮಾವನಾದ ನನ್ನದು.

ಮೊದಲ ವಿಘ್ನವು ಚಂದ್ರನಿಂದ ಬಂದಿತು. ಸ್ವರ್ಣೆಯೂ ಸೀತೆಯೂ ಕೂಡಿ ಕೋಡಿಬೆಂಗ್ರೆಯ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುವುದರಿಂದ ಅಲ್ಲಿಯ ನೀರು ದಿನಕ್ಕೆರಡು ಸಲ ಏರಿ ಎರಡು ಸಲ ಇಳಿಯುವುದು. ಅದೂ ನಿನ್ನೆಯ ಹೊತ್ತಿಗಲ್ಲ, ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಪಂಚಾಂಗವು ನೆಚ್ಚಿದುದೂ ಚಂದ್ರನನ್ನೇ, ಭರತ ಇಳಿತಗಳು ಅಧೀನವಾಗಿರುವುದೂ ಚಂದ್ರನಿಗೇ. ಆದರೂ ಒಬ್ಬನೇ ಯಜಮಾನನ ಕೈಕೆಳಗಿನ ಇಬ್ಬರು ಗುಮಾಸ್ತರಂತೆ ಇವುಗಳ ಲೆಕ್ಕ ಪರಸ್ಪರ ಹೊಂದದು.

“ಭಟ್ರೇ, ನಿಮ್ಮ ಮುಹೂರ್ತದ ಹೊತ್ತಿಗೆ ಪೂರಾ ಇಳಿತ. ಬೋಟು ಕೆಸರಲ್ಲಿ ಕೂತುಬಿಡ್ತದೆ ಮಾರಾಯ್ರೇ,” ಎಂದನು ಬೋಟಿನ ಯಜಮಾನ.

“ಕೂತುಕೊಳ್ಳಲಿ. ನಾನು ಇಟ್ಟದ್ದೂ ಸ್ಥಿರಲಗ್ನವೇ,” ಎಂದರು ಪುರೋಹಿತರು.

ಬಿದಿರು ತಟ್ಟಿಯ ಮಾಡಿನ ಕೆಳಗೆ ಹೋಮಾಗ್ನಿ ಬೇಡವೆಂದು ಅವನೂ, ಅಗ್ನಿಯಿಲ್ಲದೆ ಸಪ್ತಪದಿಯಿಲ್ಲವೆಂದು ಇವರೂ ಹಟ ಹಿಡಿದರು. ಸಪ್ತಪದಿಯುಳ್ಳ ವಿವಾಹವು ಏಳನೆಯ ಹೆಜ್ಜೆಯೊಡನೆ ಪೂರ್ಣವಾಗುವುದೆಂದು 1955ರ ಹಿಂದೂ ವಿವಾಹ ಕಾಯಿದೆಯೇ ಸಾರುತ್ತಿರುವಾಗ, ನಾಲ್ಕನೆಯ ಹೆಜ್ಜೆಗೇ ಕಟಕಟೆ ತಗಲುವ ಈ ಬೋಟಿನಲ್ಲಿ ಏನು ಗತಿಯೆಂದು ವಕೀಲನಾದ ನನ್ನ ಭಾವ ಕೇಳಿದನು. ಸುತ್ತಿ ನಡೆಯಬಹುದೆಂದು ತೀರ್ಮಾನವಾಯಿತು. ಉಳಿದುದು ಅಶ್ಮಾರೋಹಣ.

ವರನು ವಧುವಿನ ಬಲಗಾಲನ್ನು ಹಿಡಿದು ಕಲ್ಲಿನ ಮೇಲಿರಿಸಿ, ಆ ಕಲ್ಲಿನಂತೆಯೇ ಸ್ಥಿರಳಾಗೆಂದು ಹರಸುವ ಈ ಗಂಭೀರ ವಿಧಿಯು ತೇಲುವ ಹಲಗೆಯ ಮೇಲೆ ಸಾಧ್ಯವೋ ಅಲ್ಲವೋ ಎಂಬುದನ್ನು ಪ್ರತ್ಯಕ್ಷ ಪ್ರಮಾಣದಿಂದಲೇ ನಿರ್ಣಯಿಸಬೇಕೆಂದು ನಾನು ಅಕ್ಕನ ಮನೆಯ ಅಮ್ಮಿಕಲ್ಲನ್ನು ಹೊತ್ತು ತಂದೆನು. ವಧುವಿನ ಸ್ಥಾನಕ್ಕೆ ಬೇರೆ ಯಾರೂ ಮುಂದೆ ಬಾರದಿದ್ದುದರಿಂದ, ಶಲ್ಯವನ್ನೇ ಸೆರಗಾಗಿ ಹೊದ್ದು, ಸಾಕಷ್ಟು ಸ್ಥೂಲವಾದ ಈ ದೇಹವನ್ನು ಸಾಧ್ಯವಾದಷ್ಟು ಲಜ್ಜೆಯಿಂದ ಬಾಗಿಸಿ ನಿಂತೆನು. ವರನಾದ ಬೋಟಿನ ಯಜಮಾನನು ಬೀಡಿಯನ್ನು ಕಿವಿಯ ಮೇಲಿರಿಸಿ, ಮಂಡಿಯೂರಿ, ನನ್ನ ಹೆಬ್ಬೆರಳನ್ನು ಹಿಡಿದನು, ಪುರೋಹಿತರು ಮಂತ್ರವನ್ನಾರಂಭಿಸಿದರು, ನನ್ನ ಬಲಪಾದವು ಶಿಲೆಯನ್ನು ಸೋಂಕಿತು. ಆ ಕ್ಷಣದಲ್ಲಿಯೇ ಮೀನುಗಾರರ ಯಂತ್ರದ ದೋಣಿಯೊಂದು ಪಕ್ಕದಲ್ಲಿ ಹಾದುಹೋಗಿ, ಅದರ ಹಿಂದೆ ಅಲೆಯೂ, ಅಲೆಯ ಹಿಂದೆ ನಮ್ಮ ಬೋಟೂ ಎದ್ದವು. ನಾನು ವರನ ತಲೆಗೂದಲನ್ನು ಎರಡು ಕೈಗಳಿಂದಲೂ ಅವಲಂಬಿಸಿದೆನು. ವರನು ನನ್ನ ಮೊಣಕಾಲನ್ನು ತಬ್ಬಿದನು. ಇಬ್ಬರೂ ಅದೇ ಭಂಗಿಯಲ್ಲಿ ಕಟಕಟೆಯವರೆಗೆ ಜಾರಿ, ಅಲ್ಲಿಂದ ಮರಳಿ, ಪುನಃ ಜಾರಿದೆವು. ತಿಮ್ಮಣ್ಣ ಕುದ್ರುವಿನ ತೂಗುಸೇತುವೆಯ ಮೇಲೆ ನೆರೆದಿದ್ದ ಪ್ರವಾಸಿಗಳು ಇದನ್ನು ಯಾವುದೋ ಪ್ರಾಚೀನ ನೃತ್ಯಪ್ರಕಾರವೆಂದು ಭಾವಿಸಿ ಮೊಬೈಲುಗಳನ್ನೆತ್ತಿ ಹಿಡಿದರು. ಪುರೋಹಿತರು ಒಂದು ಸ್ವರವನ್ನೂ ತಪ್ಪದೆ ಮಂತ್ರವನ್ನು ಮುಗಿಸಿ, “ಕಲ್ಲು ಮಾತ್ರ ಸ್ಥಿರವಾಗಿಯೇ ಉಂಟು,” ಎಂದು ಸಮಾಧಾನ ಹೇಳಿದರು. ನಿಜವನ್ನೇ ಹೇಳುವುದಾದರೆ, ನನ್ನ ಸ್ವಂತ ಮದುವೆಯಲ್ಲಿಯೂ ನಾನು ಅಷ್ಟೊಂದು ಸಂತೋಷಪಟ್ಟವನಲ್ಲ.

ಈ ಸಂತೋಷವನ್ನು ಕೆಡಿಸಿದವರು ಬಂಧುಗಳು. ಬೋಟಿಗೆ ಅನುಮತಿಯಿದ್ದುದು 25 ಜನರಿಗೆ. ತಾವು ಆ ಇಪ್ಪತ್ತೈದರಲ್ಲಿ ಮೊದಲಿಗರೆಂದು ತಿಳಿದಿದ್ದವರು ಕಡಮೆಯೆಂದರೂ ಇನ್ನೂರು ಮಂದಿ. ಕಲ್ಯಾಣಮಂಟಪದ ಊಟದಲ್ಲಿ ಕೂಡ ಕೊರತೆಯನ್ನೇ ಎಣಿಸುವ ದೊಡ್ಡಪ್ಪನೊಬ್ಬರು ಬೋಟಿನವರೆಗೂ ಬಂದು ನೋಡಿ, “ಧಾರಾಳ ಹಿಡಿಸ್ತದೆ ಮಾರಾಯ, ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುವುದುಂಟಾ, ಮಡಿಲಲ್ಲಿ ಕೂತುಕೊಳ್ತಾವೆ,” ಎಂದರು. ಅಲ್ಲಿಯವರೆಗೂ ನಗುತ್ತಿದ್ದ ಬೋಟಿನ ಯಜಮಾನ ನಗುವುದನ್ನು ನಿಲ್ಲಿಸಿದನು. “ಕಾರವಾರದಲ್ಲಿ ಕೂರ್ಮಗಡ ಜಾತ್ರೆಯ ದಿನ ಹಿಡಿಸಿದ್ದರಲ್ಲ,” ಎಂದಷ್ಟೇ ಹೇಳಿ ಹಗ್ಗ ಸುತ್ತತೊಡಗಿದನು. 2019ರ ಜನವರಿಯಲ್ಲಿ ಮಿತಿಮೀರಿ ಜನರನ್ನು ತುಂಬಿಕೊಂಡ ಆ ದೋಣಿಯು ಮಗುಚಿ 16 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ದೊಡ್ಡಪ್ಪನವರು ಸುಮ್ಮನಾಗಲಿಲ್ಲ, ಸುಮ್ಮನಾಗುವವರು ಹಾಗೆ ಮಾತನಾಡುವುದೂ ಇಲ್ಲ.

ಬಂಧುಗಳನ್ನು ಕಡಮೆ ಮಾಡುವ ಉಪಾಯವು ಯಾವ ಶಾಸ್ತ್ರದಲ್ಲಿಯೂ ದೊರೆಯದ ಕಾರಣ ಬೋಟನ್ನೇ ಬಿಟ್ಟೆವು. ಮದುವೆ ಪಟ್ಟಣದ ಕಲ್ಯಾಣಮಂಟಪದಲ್ಲಿ, ಸಿಮೆಂಟಿನ ನೆಲದ ಮೇಲೆ, ಯಾವ ಕುಲುಕೂ ಇಲ್ಲದೆ ಜರುಗಿತು. ಅಲ್ಲಿ ನಡೆದುದೇನೆಂಬುದು ಯಾರಿಗೂ ನೆನಪಿಲ್ಲ. ಬೋಟಿಗೆ ಕೊಟ್ಟ ಮುಂಗಡ ಹಿಂದಿರುಗದಾದರೂ, ಅದನ್ನು ಬೇರೊಂದು ದಿನಕ್ಕೆ ಬಳಸಿಕೊಳ್ಳಬಹುದೆಂದು ರಶೀದಿಯಲ್ಲಿ ಅಚ್ಚಾಗಿದೆ. ಉಪನಯನವೋ ಷಷ್ಟ್ಯಬ್ದಿಯೋ ಮಾಡಿಸಲಿರುವ, ಬಂಧುಬಳಗ ಇಪ್ಪತ್ತೈದನ್ನು ಮೀರದ ಭಾಗ್ಯಶಾಲಿಗಳು ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮಳೆಗಾಲಕ್ಕೆ ಮುನ್ನ ತಿಳಿಸಿರಿ. ಅಮ್ಮಿಕಲ್ಲನ್ನು ನಾನೇ ಕೊಡುವೆನು.