ಕಾಲು ಬಂತಾ?

ಗೊದಮೊಟ್ಟೆ ಸಾಕುವವರಿಗೆ ತಾಳ್ಮೆ ಬೇಕು. ಅದರಲ್ಲೂ ಅಮೆರಿಕದ ಬುಲ್‌ಫ್ರಾಗಿನ ಗೊದಮೊಟ್ಟೆಯಾದರೆ ಪಂಚವಾರ್ಷಿಕ ಯೋಜನೆಗೆ ಬೇಕಾದಷ್ಟು ತಾಳ್ಮೆ. ನ್ಯೂಜೆರ್ಸಿಯ ನಮ್ಮ ನೆರೆಮನೆಯವರ ಕೊಳದಿಂದ ಮಗಳು ಬಕೆಟ್ಟಿನಲ್ಲಿ ತಂದವು ಅಕ್ವೇರಿಯಂ ಸೇರಿದ ಮೇಲೆ, ಮೈಸೂರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಮೊದಲ ಪ್ರಶ್ನೆ, "ಕಾಲು ಬಂತೇನೋ?" ಮೊಮ್ಮಗಳ ಮಾರ್ಕ್ಸಿನ ವಿಚಾರವೆಲ್ಲ ಆಮೇಲೆ.

ಇಲ್ಲ ಎಂದರೆ ನನ್ನ ಮೇಲೇ ಅನುಮಾನ. "ಹೊಟ್ಟೆಗೆ ಸರಿಯಾಗಿ ಹಾಕ್ತಿದೀಯಾ? ನಮ್ಮಲ್ಲಿ ಹೊಂಡದಲ್ಲಿ ಹುಟ್ಟಿದ್ದು ನೋಡ್ತಾ ನೋಡ್ತಾ ಕುಪ್ಪಳಿಸ್ಕೊಂಡು ಹೋಗತ್ತೆ." ನಿಜ. ಮಳೆಹೊಂಡದ ಕಪ್ಪೆಗೆ ಅವಸರವಿದೆ. ನೀರು ಆರುವುದರೊಳಗೆ ಕಾಲು ಬರದಿದ್ದರೆ ಅದರ ಕಥೆ ಮುಗಿಯಿತು. ಬುಲ್‌ಫ್ರಾಗ್ ಹುಟ್ಟುವುದು ಬತ್ತದ ಕೊಳದಲ್ಲಿ. ಚಳಿ ಸೀಮೆಯಲ್ಲಿ ಮಂಜುಗಡ್ಡೆಯ ಅಡಿಯಲ್ಲೇ ಒಂದೋ ಎರಡೋ ಚಳಿಗಾಲ ತಳ್ಳಿ, ಗೇಣಿಗೆ ತುಸು ಕಮ್ಮಿ ಬೆಳೆದು, ಆಮೇಲೆ ಕಪ್ಪೆಯಾಗುವ ವಿಚಾರ ಎತ್ತುತ್ತದೆ.

ಅವಸರಪಡಿಸುವ ದಾರಿಯೂ ಇದೆ. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿಯ ಪ್ರಯೋಗ ಪ್ರಕಟವಾಯಿತು. ಕುದುರೆಯ ಥೈರಾಯ್ಡ್ ತಿನ್ನಿಸಿದ ಗೊದಮೊಟ್ಟೆಗಳು ಬೆಳೆಯುವುದನ್ನೇ ಬಿಟ್ಟು ಗಡಿಬಿಡಿಯಲ್ಲಿ ಕಪ್ಪೆಗಳಾದವು, ಎಲ್ಲವೂ ಕುಳ್ಳ. ಆರನೇ ಕ್ಲಾಸಿಗೇ ಮಕ್ಕಳನ್ನು ಐಐಟಿ ಕೋಚಿಂಗಿಗೆ ಹಾಕಿದ ನಮ್ಮ ಬಳಗಕ್ಕೆಲ್ಲ ಇದನ್ನು ವಾಟ್ಸಾಪ್ ಮಾಡಿದೆ. ಥಂಬ್ಸ್ ಅಪ್ ಬಂತು. ಕೋಚಿಂಗ್ ಬಿಡಿಸಿದವರು ಯಾರೂ ಇಲ್ಲ.

ಊಟದ ವಿಷಯದಲ್ಲಿ ಮಾತ್ರ ಇವು ನಮ್ಮ ಮನೆಗೆ ಹೇಳಿಮಾಡಿಸಿದ ಹಾಗಿದ್ದವು. ಪಾಚಿ ಕೆರೆಯುವುದೇ ಹುಟ್ಟುಗಸುಬು. ಬೇಯಿಸಿದ ಪಾಲಕ್ ಎಲೆ ಬಿಟ್ಟರೆ ಅಂಚಿಗೆ ಬಾಯಿ ಹಚ್ಚಿ ತುಟಿಯ ಸಾಲುಹಲ್ಲುಗಳಿಂದ ಉಜ್ಜಿ ಉಜ್ಜಿ, ನರಗಳ ಜಾಲರಿಯೊಂದನ್ನು ಉಳಿಸುತ್ತಿದ್ದವು. ಈರುಳ್ಳಿ ಬೆಳ್ಳುಳ್ಳಿಯ ಸೋಂಕೂ ಇಲ್ಲ. ಅಮ್ಮ ಮೆಚ್ಚಿದಳು.

ಕೊನೆಗೂ ಹಿಂಗಾಲು ಮೊಳೆತವು. ಮುಂಗಾಲುಗಳು ಚರ್ಮದೊಳಗೇ ತಯಾರಾಗಿದ್ದು, ಒಂದು ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ದಾರಿ ಮಾಡಿಕೊಳ್ಳುವವರಂತೆ ಮೊಣಕೈ ಮುಂದೆ ಮಾಡಿಕೊಂಡು ಹೊರಬಂದವು. ಅಲ್ಲಿಂದ ಉಪವಾಸ. ಬಾಯಿ ಅಗಲವಾಗುತ್ತದೆ, ಸೊಪ್ಪಿಗೆಂದು ಇದ್ದ ಮಾರುದ್ದದ ಕರುಳು ಗಿಡ್ಡವಾಗುತ್ತದೆ. ಅಡುಗೆಮನೆ ರಿಪೇರಿ ಮುಗಿಯುವವರೆಗೆ ತನ್ನ ಬಾಲವನ್ನೇ ಕರಗಿಸಿಕೊಂಡು ಬದುಕಬೇಕು. ಈ ಹೊತ್ತಿಗೆ ಹತ್ತಿ ಕೂರಲು ಕಲ್ಲಿಲ್ಲದಿದ್ದರೆ ನೀರಲ್ಲೇ ಮುಳುಗಿ ಸಾಯುತ್ತವೆ! ಇಟ್ಟೆ.

ಬಾಲ ಕರಗಿದ ಮೇಲೆ ಕಲ್ಲೇರಿ ಕುಳಿತವರು ಪಾಲಕ್ಕಿನ ಕಡೆ ತಿರುಗಿಯೂ ನೋಡಲಿಲ್ಲ. ಈಗ ಅಲುಗಾಡುವುದು ಬೇಕು, ಬಾಯಲ್ಲಿ ಹಿಡಿಸುವಂಥದ್ದು ಏನಾದರೂ ಸರಿ, ತಮ್ಮನಾದರೂ ಸರಿ. ಅಂಗಡಿಯಿಂದ ಜೀವಂತ ಜೀರುಂಡೆಗಳ ಡಬ್ಬಿ ತಂದದ್ದಾಯಿತು. ಇದನ್ನು ಅಮ್ಮನಿಗೆ ಹೇಳುವುದು ಹೇಗೆ?

"ಅಮ್ಮಾ, ಜೀರುಂಡೆಗಳಿಗೂ ಏನಾದ್ರೂ ಹಾಕ್ಬೇಕಲ್ಲ, ಪಾಲಕ್ ಹಾಕ್ತಿದೀನಿ."

ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಹಾಗಾದ್ರೆ ಒಟ್ಟಿನಲ್ಲಿ ಪಾಲಕ್ಕೇ ತಾನೆ."